ಪ್ಯಾಸೇಜಿನಲ್ಲಿ ಯಾರೋ ನಡೆದರು

ಶುಕ್ರವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಮೇಜಿನ ಮೇಲಿದ್ದ ನನ್ನ ಫೋನು ಒಂದೇ ಸಮನೆ ನಡುಗತೊಡಗಿತು. ನಾನು ವಿಜಯನಗರದ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅಡ್ಮಿಷನ್ ಇನ್ನೂ ಮುಗಿದಿರಲಿಲ್ಲ. ಕೌಂಟರಿನ ಆಚೆ ಅಂಕಪಟ್ಟಿ ಹಿಡಿದು ನಿಂತ ತಂದೆತಾಯಿಯರ ಸಾಲು ಮೆಟ್ಟಿಲವರೆಗೂ ಇತ್ತು. ಫೋನ್ ಎತ್ತಿಕೊಂಡು ನೋಡಿದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಪ್ಯಾಸೇಜ್’ ಎಂದಿತ್ತು. ನೋಡುತ್ತಿರುವಾಗಲೇ ಕೆಳಗೆ ಇನ್ನೊಂದು ಸಾಲು ಮೂಡಿತು: ‘ಅತ್ತೆ ರೂಮ್’.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ. ನನ್ನ ಗಂಡ ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಮ್ಯಾನೇಜರ್, ಎಂಟೂವರೆಗೇ ಹೊರಡುತ್ತಾರೆ. ಮಗಳು ಪಿಯುಸಿಗೆಂದು ಕರಾವಳಿಯ ಒಂದು ಹಾಸ್ಟೆಲ್ ಸೇರಿ ಎರಡು ತಿಂಗಳಾಗಿತ್ತು. ಅತ್ತೆ ಜನವರಿಯಿಂದ ಕೆಂಗೇರಿ ಉಪನಗರದಲ್ಲಿ, ಮೈದುನನ ಫ್ಲ್ಯಾಟಿನಲ್ಲಿದ್ದರು.

ಪಕ್ಕದ ಮನೆಯ ಆಂಟಿಯ ಫೋನ್ ಬಂತು. ಹಿಂದೆ ನಮ್ಮ ಮನೆಯ ಅಲಾರಂನ ಸೈರನ್ ಕೇಳುತ್ತಿತ್ತು.

“ನಿಮ್ಮನೇಲಿ ಕೂಗ್ತಾ ಇದೆ ಕಣೇ. ಗೇಟು, ಬಾಗಿಲು ಎಲ್ಲಾ ಹಾಕಿದ ಹಾಗೇ ಇದೆ. ಒಳಗೆ ಹೋಗೋಕೆ ನಂಗೆ ಭಯ.”

“ಹೋಗ್ಬೇಡಿ ಆಂಟಿ. ಅಲ್ಲೇ ನಿಂತಿರಿ, ನಾನು ಆಫ್ ಮಾಡ್ತೀನಿ,” ಎಂದೆ. ಫೋನಿನಲ್ಲೇ ಅಲಾರಂ ಪೂರ್ತಿ ಆಫ್ ಮಾಡಿದೆ, ಸೈರನ್ ನಿಂತಿತು. ಎದುರಿಗಿದ್ದವರು “ಮೇಡಮ್, ಟಿಸಿ ಒರಿಜಿನಲ್ ಬೇಕಾ?” ಎಂದು ಎರಡು ಸಲ ಕೇಳಿದ ಮೇಲೆ ನನಗೆ ಕೇಳಿಸಿತು.

ಸಂಜೆ ಹೋಗಿ ನೋಡಿದರೆ ಎಲ್ಲವೂ ಇದ್ದಂತೆಯೇ ಇತ್ತು. ಬೀರು ಭದ್ರ, ಬೀಗ ಭದ್ರ. “ಕರ್ಟನ್ ಅಲ್ಲಾಡಿರುತ್ತೆ ಬಿಡು,” ಎಂದರು ನನ್ನ ಗಂಡ.

ಈ ಅಲಾರಂ ಹಾಕಿಸಿ ತಿಂಗಳೂ ಆಗಿರಲಿಲ್ಲ. ಜೂನಿನಲ್ಲಿ ಎರಡು ಮನೆ ಆಚೆಯವರು ಮದುವೆಗೆ ಹೋದಾಗ ಹಾಡಹಗಲೇ ಯಾರೋ ಗ್ರಿಲ್ ಕತ್ತರಿಸಿ ನುಗ್ಗಿದ್ದರು. ಆ ಮನೆಯ ಹೆಂಗಸು ಬೀದಿಯಲ್ಲಿ ಕೂತು ಅತ್ತದ್ದನ್ನು ನೋಡಿದ ಮೇಲೆ ನಾನು ಪ್ರತಿ ದಿನ ಬೀಗ ಹಾಕಿ ಗೇಟಿನ ತನಕ ಹೋಗಿ, ಮತ್ತೆ ಬಂದು ಜಗ್ಗಿ ನೋಡುವಂತಾಗಿತ್ತು. ಅದಕ್ಕೇ ಹಾಕಿಸಿದ್ದು. ಮುಂಬಾಗಿಲಿಗೆ, ತೆರೆದರೆ ಗೊತ್ತಾಗಲು, ಅಯಸ್ಕಾಂತದ ಒಂದು ಪಟ್ಟಿ. ಹಾಲಿಗೆ, ಪ್ಯಾಸೇಜಿಗೆ, ಅತ್ತೆಯ ಕೋಣೆಗೆ ಒಂದೊಂದು ಸೆನ್ಸರ್. ಸೋಪಿನ ಡಬ್ಬಿಯಷ್ಟಿರುವ ಬಿಳಿ ಪೆಟ್ಟಿಗೆ, ತಂತಿಯಿಲ್ಲ, ಒಳಗೆ ಬ್ಯಾಟರಿ. ಮನುಷ್ಯರ ಮೈಯ ಬಿಸಿ ಅದರ ಮುಂದೆ ಹಾದರೆ ಗೊತ್ತು ಮಾಡಿಕೊಂಡು ಸೈರನ್ನಿಗೂ ನನ್ನ ಫೋನಿಗೂ ಹೇಳುತ್ತದೆ. ಹಿಂಬಾಗಿಲಿಗೆ ಮಾತ್ರ ಪಟ್ಟಿ ಹಾಕಿರಲಿಲ್ಲ. ಮಳೆಗೆ ಆ ಮರ ಊದಿಕೊಳ್ಳುತ್ತದೆ, ಗಾಳಿಗೆ ಅಲುಗಿದರೂ ಕೂಗೀತು, ಪ್ಯಾಸೇಜಿನ ಸೆನ್ಸರ್ ಸಾಕು ಎಂದು ಹಾಕಲು ಬಂದ ಟೆಕ್ನಿಷಿಯನ್ ಹೇಳಿದ್ದರು.

ಮುಂದಿನ ಮಂಗಳವಾರ ಮತ್ತೆ ಕೂಗಿತು. ಅದೇ ಹೊತ್ತು, ಅದೇ ಎರಡು ಸಾಲು. ಆ ಸಂಜೆ ನಾನು ಮನೆಯನ್ನು ಸರಿಯಾಗಿ ನೋಡಿದೆ. ಅತ್ತೆಯ ಕೋಣೆಯಲ್ಲಿ ಮಂಚದ ಮೇಲಿನ ಚಾದರ ತಗ್ಗಾಗಿತ್ತು. ಭಾನುವಾರವಷ್ಟೇ ನಾನೇ ಒಗೆದು, ಸುಕ್ಕಿಲ್ಲದಂತೆ ಹಾಸಿದ್ದೆ. ಗೋಡೆಯ ಕಡೆಗೆ, ಒಬ್ಬರು ಮಗ್ಗುಲಾಗಿ ಮಲಗಿ ಎದ್ದಷ್ಟು ಜಾಗ ಕುಸಿದಿತ್ತು. ಗಂಡನನ್ನು ಕೂಗಿದೆ.

ಅವರು ಬಹಳ ಹೊತ್ತು ನೋಡಿ, “ನೀನೇ ಕೂತಿದ್ದೇನೋ,” ಎಂದರು. ಅದನ್ನು ಅವರೂ ನಂಬಿದಂತೆ ಕಾಣಲಿಲ್ಲ.

ಮರುದಿನ ಸಂಜೆ ಟೆಕ್ನಿಷಿಯನ್ ಬಂದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಸೈರನ್ ಕೂಗದಂತೆ ಮಾಡಿ ಸೆನ್ಸರುಗಳನ್ನು ಟೆಸ್ಟ್ ಮೋಡಿಗೆ ಹಾಕಿದರು.

“ಮೇಡಮ್, ನೀವು ನಡೀರಿ. ನಾನು ಲೈಟ್ ನೋಡ್ತೀನಿ. ಕಂಡ್ರೆ ಕೆಂಪು ಹತ್ತುತ್ತೆ.”

ನಾನು ನಮ್ಮದೇ ಮನೆಯಲ್ಲಿ ಕಳ್ಳಿಯ ಹಾಗೆ ನಡೆದೆ. ಹಾಲಿನಿಂದ ಪ್ಯಾಸೇಜು, ಪ್ಯಾಸೇಜಿನ ಎಡಕ್ಕೆ ಮೊದಲು ಅತ್ತೆಯ ಕೋಣೆ, ಆಮೇಲೆ ನಮ್ಮ ಕೋಣೆ, ಬಲಕ್ಕೆ ಅಡುಗೆಮನೆ, ಕೊನೆಯಲ್ಲಿ ಹಿಂಬಾಗಿಲು. ಪ್ರತಿ ಎರಡು ಮೂರು ಹೆಜ್ಜೆಗೆ ಕೆಂಪು ಹತ್ತಿತು. ಸೆನ್ಸರಿನ ಕಡೆಗೆ ನೇರವಾಗಿ ನಡೆದರೆ ತುಸು ತಡ, ಅಡ್ಡ ಹಾದರೆ ತಕ್ಷಣ. ಅವರು ಫ್ಯಾನನ್ನು ಜೋರು ಮಾಡಿ ಕರ್ಟನ್ ಹಾರಿಸಿದರು, ಹತ್ತಲಿಲ್ಲ. ಫ್ರಿಜ್ ಬಾಗಿಲು ತೆರೆದಿಟ್ಟರು, ಹತ್ತಲಿಲ್ಲ. ಬೆಕ್ಕು ಬರುತ್ತದಾ ಎಂದು ಕೇಳಿದರು. ಬರುವುದಿಲ್ಲ, ಎಲ್ಲ ಕಿಟಕಿಗೂ ಜಾಲರಿ ಇದೆ ಎಂದೆ. ಬ್ಯಾಟರಿ ನೋಡಿದರು, ಸಿಗ್ನಲ್ ನೋಡಿದರು. ಏಣಿಯಿಂದ ಇಳಿದು ನನ್ನ ಫೋನ್ ತೆಗೆದುಕೊಂಡು ಎರಡೂ ದಿನದ ದಾಖಲೆ ತೆರೆದರು.

“ಮಷೀನು ತಪ್ಪು ಮಾಡಿದ್ರೆ ಒಂದೇ ಜಾಗದಲ್ಲಿ ಮಾಡುತ್ತೆ ಮೇಡಮ್. ಇಲ್ನೋಡಿ. ಎರಡು ದಿನಾನೂ ಮೊದಲು ಪ್ಯಾಸೇಜು, ಆಮೇಲೆ ರೂಮು. ಹಾಲು ಒಂದ್ಸಲಾನೂ ಇಲ್ಲ. ಮುಂಬಾಗಿಲು ತೆಗೆದೇ ಇಲ್ಲ.”

“ಅಂದ್ರೆ?”

“ಹಿಂದಿನ ಬಾಗಿಲಿಂದ ಬಂದು ಸೀದಾ ರೂಮಿಗೆ ಹೋಗಿದಾರೆ. ನಡುವೆ ನಲವತ್ತು ಸೆಕೆಂಡು. ಈ ಪ್ಯಾಸೇಜು ಹತ್ತು ಹೆಜ್ಜೆ ಇಲ್ಲ. ಕಳ್ಳ ಇಷ್ಟು ನಿಧಾನಕ್ಕೆ ನಡೆಯಲ್ಲ. ಮನೆ ಚೆನ್ನಾಗಿ ಗೊತ್ತಿರೋರು ಯಾರೋ.”

ನನ್ನ ಗಂಡ ಹಿಂಬಾಗಿಲ ಹತ್ತಿರ ಹೋಗಿ ಬೀಗ ನೋಡಿದರು. ಒಳಗಿನ ಚಿಲಕ ತುಕ್ಕು ಹಿಡಿದು ಮುರಿದು ವರ್ಷವಾಗಿತ್ತು. ಬೀಗದ ಕೀಲಿ ಹೊರಗಿನವರಲ್ಲಿ ಒಬ್ಬರ ಬಳಿ ಮಾತ್ರ ಇತ್ತು, ನಮ್ಮ ಕೆಲಸದಾಕೆಯ ಬಳಿ. ಒಂಬತ್ತು ವರ್ಷದಿಂದ ನಮ್ಮಲ್ಲಿದ್ದಳು. ಮೊದಲು ನಾನು ಬರುವುದಕ್ಕಿಂತ ಮುಂಚೆ, ಸಂಜೆ ನಾಲ್ಕಕ್ಕೆ ಬಂದು ಪಾತ್ರೆ ತೊಳೆದು ಹೋಗುತ್ತಿದ್ದಳು. ಅಲಾರಂ ಹಾಕಿಸಿದ ಮೇಲೆ ಬೆಳಿಗ್ಗೆಯೇ ಬರಲು ಹೇಳಿದ್ದೆ, ಕೀಲಿ ಮಾತ್ರ ವಾಪಸು ಕೇಳಿರಲಿಲ್ಲ.

ಆ ರಾತ್ರಿ ನಾವಿಬ್ಬರೂ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಮಾತಾಡದೆಯೇ ಒಬ್ಬಳನ್ನು ತಪ್ಪಿತಸ್ಥಳನ್ನಾಗಿ ಮಾಡಿಬಿಟ್ಟಿದ್ದೆವು.

ಗುರುವಾರ ಬೆಳಿಗ್ಗೆ ಅವಳು ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕೂತು ಪಾತ್ರೆ ಉಜ್ಜುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

“ಮಧ್ಯಾಹ್ನದ ಹೊತ್ತು ಮನೆಗೆ ಬಂದಿದ್ಯಾ ನೀನು?”

“ಇಲ್ಲಕ್ಕ. ಯಾಕೆ?”

“ನಿಜ ಹೇಳು, ನಾನು ಬೈಯಲ್ಲ. ಸುಸ್ತಾಗಿ ಸ್ವಲ್ಪ ಹೊತ್ತು ಮಲಗೋಕೆ ಬಂದಿದ್ರೂ ಹೇಳ್ಬಿಡು.”

ಅವಳ ಕೈ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. “ನಂಗೆ ಮಧ್ಯಾಹ್ನ ಮಲಗೋ ಅಷ್ಟು ಟೈಮ್ ಎಲ್ಲಿದೆ ಅಕ್ಕ? ಹನ್ನೆರಡಕ್ಕೆ ಮೇಲಿನ ರೋಡಲ್ಲಿ ಇನ್ನೊಂದು ಮನೆ. ಹೋಗಿ ಕೇಳಿ.”

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. “ಕೀ ಕೊಟ್ಟುಬಿಡು. ಸ್ವಲ್ಪ ದಿನ ನನ್ನ ಹತ್ರ ಇರಲಿ,” ಎಂದೆ.

ಅವಳು ಕೈ ತೊಳೆದು, ಒರೆಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಗೊಂಚಲಿನಿಂದ ನಮ್ಮ ಕೀಲಿಯನ್ನು ಬಿಡಿಸಿದಳು. ನಾನು ಕೈ ಚಾಚಿದ್ದೆ. ಅವಳು ಅದನ್ನು ಕಲ್ಲಿನ ಮೇಲಿಟ್ಟಳು. ಉಳಿದ ಪಾತ್ರೆ ಮುಗಿಸಿ, ಬುಟ್ಟಿಯಲ್ಲಿ ಬೋರಲು ಹಾಕಿ ಹೋದಳು. ಶುಕ್ರವಾರ ಕೆಲಸಕ್ಕೆ ಬರಲಿಲ್ಲ.

ಅದೇ ಶುಕ್ರವಾರ, ಹನ್ನೆರಡೂ ಹತ್ತಕ್ಕೆ, ಫೋನ್ ಮತ್ತೆ ನಡುಗಿತು. ಪ್ಯಾಸೇಜ್. ಅತ್ತೆ ರೂಮ್.

ಈ ಸಲ ನಾನು ಕೌಂಟರ್ ಬಿಟ್ಟು ಎದ್ದೆ. ಮೆಟ್ಟಿಲಿಳಿಯುತ್ತಲೇ ಪೊಲೀಸರಿಗೆ ಫೋನ್ ಮಾಡಿ, ಆಟೋ ಹತ್ತಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಯಾರಿಗಾದ್ರೂ ಹುಷಾರಿಲ್ವಾ ಮೇಡಮ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದ ಅಡ್ಡರಸ್ತೆಗೆ ತಿರುಗಿಸಿದ. ಮನೆ ತಲುಪಿದಾಗ ಅಲಾರಂ ಬಂದು ಅರ್ಧ ಗಂಟೆಯಾಗಿತ್ತು. ಆಂಟಿ ಗೇಟಿನಲ್ಲೇ ಇದ್ದರು.

“ಬಾಗಿಲು ಬಡಿದೆ, ಕಿಟಕಿ ಬಡಿದೆ. ಯಾರೂ ಮಿಸುಕಲಿಲ್ಲ ಕಣೇ.”

ಬೈಕಿನಲ್ಲಿ ಬಂದ ಯುವ ಕಾನ್‌ಸ್ಟೇಬಲ್ ನನಗಿಂತ ಮುಂದೆ ಒಳಗೆ ಹೋದ. ಕೋಣೆ ಕೋಣೆ ನೋಡಿದ, ಮಂಚದ ಕೆಳಗೆ ಟಾರ್ಚ್ ಬಿಟ್ಟ, ಅಟ್ಟಕ್ಕೆ ಇಣುಕಿದ. ಯಾರೂ ಇಲ್ಲ. ಹಿಂಬಾಗಿಲಿಗೆ ಬೀಗ ಹಾಕಿದಂತೆಯೇ ಇತ್ತು. ಚಾದರ ಮತ್ತೆ ತಗ್ಗಾಗಿತ್ತು. ಅಡುಗೆಮನೆಯಲ್ಲಿ ನೀರಿನ ಫಿಲ್ಟರಿನ ಪಕ್ಕ ಒಂದು ಸ್ಟೀಲ್ ಲೋಟ ಬೋರಲಾಗಿತ್ತು. ಮುಟ್ಟಿದೆ, ಒದ್ದೆಯಿತ್ತು. ಬೆಳಿಗ್ಗೆ ನಾನು ಎಲ್ಲ ಲೋಟವನ್ನೂ ಸ್ಟ್ಯಾಂಡಿಗೆ ಹಾಕಿ ಹೋಗಿದ್ದೆ.

“ಏನಾದ್ರೂ ಹೋಗಿದ್ಯಾ ಮೇಡಮ್?”

“ಇಲ್ಲ. ನೀರು ಕುಡಿದಿದಾರೆ.”

ಅವನು ಪುಸ್ತಕ ತೆಗೆದವನು ಮತ್ತೆ ಜೇಬಿಗಿಟ್ಟ. “ನೀರು ಕುಡಿದ್ರು ಅಂತ ಏನ್ ಬರ್ಕೊಳ್ಳಲಿ? ಮೊದ್ಲು ಹಿಂದಿನ ಬೀಗ ಚೇಂಜ್ ಮಾಡ್ಸಿ. ಮತ್ತೆ ಏನಾದ್ರೂ ಆದ್ರೆ ಫೋನ್ ಮಾಡಿ, ಬರ್ತೀನಿ.”

ಆ ದಿನ ಸಂಜೆ ಊಟದ ಮೇಜಿನ ಮೇಲೆ ಹಿಂಬಾಗಿಲಿನ ಕೀಲಿಗಳನ್ನೆಲ್ಲ ಇಟ್ಟೆವು. ನನ್ನದು, ಅವರದು, ಮೊಳೆಗೆ ನೇತುಹಾಕಿದ್ದ ಮಗಳದು, ಕೆಲಸದಾಕೆಯದು. ನಾಲ್ಕೂ ಅಲ್ಲೇ ಇದ್ದವು.

“ಡೂಪ್ಲಿಕೇಟ್ ಮಾಡಿಸಿರ್ತಾಳೆ,” ಎಂದರು ಗಂಡ. “ಸೋಮವಾರ ಬೀಗ ಬದಲಾಯಿಸೋಣ.”

“ಬದಲಾಯಿಸಿದ್ರೆ ಬರೋದು ನಿಲ್ಲುತ್ತೆ. ಯಾರು ಅಂತ ಗೊತ್ತಾಗಲ್ಲ. ಒಂಬತ್ತು ವರ್ಷ ಕೆಲಸ ಮಾಡಿದವಳನ್ನ ಅನುಮಾನಿಸಿ ಕಳಿಸಿದೀನಿ ರೀ. ನಂಗೆ ಗೊತ್ತಾಗ್ಬೇಕು.”

“ಗೊತ್ತು ಮಾಡ್ಕೊಳ್ಳೋದು ಹೇಗೆ?”

“ಶುಕ್ರವಾರ, ಮಂಗಳವಾರ, ಶುಕ್ರವಾರ. ಈ ಮಂಗಳವಾರ ರಜ ಹಾಕಿ ಮನೇಲಿರ್ತೀನಿ.”

ಅವರು ಒಪ್ಪಲಿಲ್ಲ. ಕೂಗಾಡಿದರು. ಕೊನೆಗೆ ತಾವೂ ಇರುತ್ತೇನೆ ಎಂದರು, ಆದರೆ ಮಂಗಳವಾರ ಗೋಡೌನಿಗೆ ಎರಡು ಲಾರಿ ಲೋಡ್ ಬರುವುದಿತ್ತು. ನಾನು ಹಟ ಹಿಡಿದೆ.

ಭಾನುವಾರ ಇಡೀ ಮಧ್ಯಾಹ್ನ ಸೆನ್ಸರುಗಳ ಜೊತೆ ಕಳೆದೆವು. ಟೆಕ್ನಿಷಿಯನ್ ಫೋನಿನಲ್ಲಿ ಹೇಳಿದಂತೆ ನಾನು ಸ್ಟೂಲ್ ಹತ್ತಿ ಪ್ಯಾಸೇಜಿನ ಸೆನ್ಸರನ್ನು ಒಂದಿಷ್ಟು ಓರೆ ಮಾಡಿದೆ. ಹಿಂಬಾಗಿಲು ತೆರೆದ ಕೂಡಲೇ, ಒಳಗೆ ಎರಡನೇ ಹೆಜ್ಜೆ ಇಡುವ ಮೊದಲೇ ಅದು ಹಿಡಿಯಬೇಕಿತ್ತು. ಗಂಡ ಹೊರಗಿನಿಂದ ಬರುವುದು, ನಾನು ಲೈಟ್ ನೋಡುವುದು. ಮೊದಲ ಸಲ ಮೂರನೇ ಹೆಜ್ಜೆಗೆ ಹತ್ತಿತು. ಇನ್ನಷ್ಟು ತಿರುಗಿಸಿದೆ. ಎರಡನೇ ಸಲ ಹತ್ತಲೇ ಇಲ್ಲ, ಹೆಚ್ಚು ತಿರುಗಿಸಿಬಿಟ್ಟಿದ್ದೆ. ಸೂಕ್ಷ್ಮತೆಯನ್ನು ಮಧ್ಯಮದಿಂದ ಹೆಚ್ಚಿಗೆ ಏರಿಸಿದೆವು. ಆರನೇ ಸಲಕ್ಕೆ ಹೊಸ್ತಿಲು ದಾಟುವಾಗಲೇ ಕೆಂಪು ಹತ್ತಿತು.

“ನಿಧಾನಕ್ಕೆ ಬನ್ನಿ ಒಂದ್ಸಲ,” ಎಂದೆ. “ನಲವತ್ತು ಸೆಕೆಂಡ್ ಆಗ್ಬೇಕು.”

ಅವರು ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಬೇಸರದಿಂದ ಹಾಗೆ ನಡೆದದ್ದು ಅಷ್ಟೇ, ಆದರೂ ನನಗೆ ಯಾಕೋ ಆ ನಡಿಗೆ ನೋಡಲಾಗಲಿಲ್ಲ. “ಸಾಕು ಬನ್ನಿ,” ಎಂದೆ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಇಬ್ಬರೂ ಹೊರಟೆವು. ಯಾರಾದರೂ ನೋಡುತ್ತಿದ್ದರೆ ಅನುಮಾನ ಬರಬಾರದೆಂದು. ನಾನು ಬಸ್ ಸ್ಟಾಪಿನವರೆಗೆ ಹೋಗಿ, ಒಂದು ಸುತ್ತು ಹಾಕಿ, ಹತ್ತು ಗಂಟೆಗೆ ವಾಪಸು ಬಂದೆ. ಒಳಗಿನಿಂದ ಮುಂಬಾಗಿಲು ಹಾಕಿಕೊಂಡೆ. ಸೈರನ್ ಕೂಗದಂತೆ, ಸುದ್ದಿ ನನ್ನ ಫೋನಿಗೆ ಮಾತ್ರ ಬರುವಂತೆ ಮಾಡಿದೆ. ಹಾಲಿನ ಸೆನ್ಸರಿನ ನೇರ ಕೆಳಗೆ ಕುರ್ಚಿ ಹಾಕಿದೆ. ತನ್ನ ಕಾಲ ಕೆಳಗಿನದು ಅದಕ್ಕೆ ಕಾಣುವುದಿಲ್ಲವೆಂದು ಟೆಸ್ಟ್ ಮಾಡುವಾಗ ಗೊತ್ತಾಗಿತ್ತು. ಅಲ್ಲಿಂದ ಪ್ಯಾಸೇಜಿನ ಬಾಯಿ ಕಾಣುತ್ತಿತ್ತು. ತೊಡೆಯ ಮೇಲೆ ಗಂಡನ ಹಳೇ ಕ್ರಿಕೆಟ್ ಬ್ಯಾಟು, ಎಡಗೈಯಲ್ಲಿ ಫೋನು. ಆಂಟಿಗೂ ಹೇಳಿದ್ದೆ. ಗಂಡ ಹತ್ತು ನಿಮಿಷಕ್ಕೊಮ್ಮೆ ‘ಏನು?’ ಎಂದು ಮೆಸೇಜ್ ಕಳಿಸುತ್ತಿದ್ದರು, ನಾನು ‘ಇಲ್ಲ’ ಎನ್ನುತ್ತಿದ್ದೆ.

ಹದಿನೆಂಟು ವರ್ಷ ಇದ್ದ ಮನೆಯ ಸದ್ದುಗಳೇ ನನಗೆ ಗೊತ್ತಿರಲಿಲ್ಲ ಎನ್ನುವುದು ಆ ದಿನ ತಿಳಿಯಿತು. ಫ್ರಿಜ್ ನಿಲ್ಲುವಾಗ ಒಮ್ಮೆ ಮೈ ಕೊಡವುತ್ತದೆ. ಮೇಲಿನ ಟ್ಯಾಂಕಿನ ನೀರು ಪೈಪಿನಲ್ಲಿ ಗುಳುಗುಳು ಎನ್ನುತ್ತದೆ. ಬೀದಿಯಲ್ಲಿ ಸೊಪ್ಪಿನವನು ಕೂಗಿ ಹೋದ. ಹಳೇ ಪೇಪರಿನವನು ಹೋದ. ಕಾಲು ಜೋಮು ಹಿಡಿದರೂ ಅಲುಗಾಡಿಸಲಿಲ್ಲ. ಹನ್ನೆರಡಾಯಿತು. ಹನ್ನೆರಡೂ ಹದಿನೈದಾಯಿತು. ಇವತ್ತು ಬರುವುದಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬಾರದಿರಲಿ ಎಂದೇ ಬೇಡಿಕೊಂಡೆ.

ಹಿತ್ತಲ ಗೇಟು ಕಿರುಗುಟ್ಟಿತು.

ಬೀಗದಲ್ಲಿ ಕೀಲಿ ತಿರುಗಿದ ಸದ್ದು. ಊದಿದ ಬಾಗಿಲನ್ನು ಭುಜದಿಂದ ಒತ್ತಿದ ಸದ್ದು. ಆ ಬಾಗಿಲನ್ನು ಹಾಗೆ ಒತ್ತಬೇಕೆಂದು ಬಂದವರಿಗೆ ಗೊತ್ತಿತ್ತು. ಫೋನು ಅಂಗೈಯಲ್ಲಿ ಗುಂಯ್ ಎಂದಿತು: ಪ್ಯಾಸೇಜ್. ಬ್ಯಾಟನ್ನು ಗಟ್ಟಿಯಾಗಿ ಹಿಡಿದೆ. ಗಂಡನಿಗೆ ಫೋನ್ ಮಾಡಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ, ಆ ಗಳಿಗೆಯಲ್ಲಿ ಬೆರಳು ಏಳಲಿಲ್ಲ. ಬರಿಗಾಲಿನ ಹೆಜ್ಜೆ. ಒಂದು ಇಟ್ಟು, ನಿಂತು, ಇನ್ನೊಂದು. ನಡುವೆ ಗೋಡೆಗೆ ಕೈ ಸವರಿದ ಸಣ್ಣ ಸದ್ದು.

ಪ್ಯಾಸೇಜಿನ ಬಾಯಲ್ಲಿ ಕಂಡದ್ದು ಬಿಳಿ ತಲೆ, ಕಂದು ಬಣ್ಣದ ವಾಯಿಲ್ ಸೀರೆ.

ಅತ್ತೆ.

ಅವರು ನನ್ನ ಕಡೆ ನೋಡಲಿಲ್ಲ. ಅವರಿಗೆ ಎಡಗಡೆ ಕಣ್ಣಿನ ದೃಷ್ಟಿ ಮಂದ, ಕಿವಿಯಂತೂ ಮಷೀನಿಲ್ಲದೆ ಕೇಳಿಸುವುದೇ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ತಮ್ಮ ಕೋಣೆಗೆ ತಿರುಗಿದರು. ಫೋನು ಮತ್ತೆ ಗುಂಯ್ ಎಂದಿತು: ಅತ್ತೆ ರೂಮ್. ನಾನು ಎದ್ದು ಹೋಗುವಷ್ಟರಲ್ಲಿ ಅವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ, ಮಂಡಿ ಮಡಚಿ ಮಲಗಿದ್ದರು. ಕಿವಿಯ ಮಷೀನನ್ನು ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಚಪ್ಪಲಿ ಹಿಂಬಾಗಿಲ ಹೊರಗೆ ಬಿಟ್ಟು ಬಂದಿದ್ದರು, ಅದೂ ನನಗೆ ಆಮೇಲೆ ಕಂಡದ್ದು.

ಬಾಗಿಲಲ್ಲಿ ನಿಂತ ನನಗೆ ಕೂಗಿ ಎಬ್ಬಿಸಬೇಕು ಅನಿಸಿತು. ಸಿಟ್ಟೂ ಬಂತು, ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎರಡೇ ನಿಮಿಷಕ್ಕೆ ಅವರ ಉಸಿರು ಭಾರವಾಯಿತು. ಮನೆಯಲ್ಲಿದ್ದಾಗ ಕೊನೆಯ ತಿಂಗಳುಗಳಲ್ಲಿ ಅವರು ಹೀಗೆ ನಿದ್ದೆ ಹೋದದ್ದನ್ನು ನಾನು ನೋಡಿರಲಿಲ್ಲ.

ಅದಕ್ಕೆ ಕಾರಣ ನಾನೇ. ಮಗಳು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಅವಳಿಗೆ ಓದಲು ಪ್ರತ್ಯೇಕ ಕೋಣೆ ಬೇಕೆಂದು ಅತ್ತೆಯ ಮಂಚವನ್ನು ಹಾಲಿನ ಮೂಲೆಗೆ ಹಾಕಿಸಿದ್ದೆ. ಮಾವ, ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿಯುತ್ತಾ, ವರ್ಷಕ್ಕೊಂದು ಕೋಣೆಯಂತೆ ಕಟ್ಟಿಸಿದ ಮನೆ ಅದು. ಅತ್ತೆ ಏನೂ ಹೇಳಲಿಲ್ಲ. ಹಾಲಿನಲ್ಲಿ ಟಿವಿ, ಬರುವವರು ಹೋಗುವವರು, ಬೆಳಿಗ್ಗೆ ಐದಕ್ಕೆ ನನ್ನ ಮಿಕ್ಸಿ. ಆರು ತಿಂಗಳ ಮೇಲೆ ಒಂದು ಸಂಜೆ, “ಚಿಕ್ಕೋನ ಮನೆಗೆ ಹೋಗಿ ಇರ್ತೀನಿ,” ಎಂದರು. ನಾನು ಕಾಳು ಬಿಡಿಸುತ್ತಿದ್ದೆ. ತಲೆಯೆತ್ತದೆ, “ನಿಮ್ಮಿಷ್ಟ ಅತ್ತೆ,” ಎಂದೆ. ಮಗಳು ಪರೀಕ್ಷೆ ಮುಗಿಸಿ ಹಾಸ್ಟೆಲಿಗೆ ಹೋದ ಮೇಲೆ ಮಂಚ ಮತ್ತೆ ಆ ಕೋಣೆಗೆ ಬಂತು. ಅತ್ತೆಯನ್ನು ಬನ್ನಿ ಎಂದು ಕರೆಯಲು ನಾನು ಹೋಗಿರಲಿಲ್ಲ. ಕೀಲಿ ಎಣಿಸುವಾಗ, ಆ ಬಾಗಿಲಿಗೆ ಮೊದಲ ಕೀಲಿ ಇಟ್ಟುಕೊಂಡಿದ್ದವರು ಅವರೇ ಎನ್ನುವುದು ನಮಗಿಬ್ಬರಿಗೂ ನೆನಪೇ ಆಗಲಿಲ್ಲ.

ಗಂಡನಿಗೆ ‘ಭಯ ಇಲ್ಲ. ಅಮ್ಮ’ ಎಂದು ಎರಡು ಮಾತು ಕಳಿಸಿದೆ. ಅವರು ಫೋನ್ ಮಾಡಿದರೆ ಎತ್ತಲಿಲ್ಲ. ಪ್ಯಾಸೇಜಿನಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತೆ. ಒಂದೂವರೆ ದಾಟಿದ ಮೇಲೆ ಅತ್ತೆ ಎದ್ದರು. ತಿರುಗಿದವರು ಬಾಗಿಲಲ್ಲಿ ನನ್ನನ್ನು ನೋಡಿ ಬೆಚ್ಚಿದರು. ಕೈ ತಡವರಿಸಿ ಮಷೀನನ್ನು ಕಿವಿಗೆ ಸಿಕ್ಕಿಸಿಕೊಂಡರು.

“ನೀನ್ಯಾಕೆ ಮನೇಲಿದೀಯ? ಹುಷಾರಿಲ್ವೇನೇ?”

“ಹುಷಾರಾಗಿದೀನಿ ಅತ್ತೆ. ನೀವು ಹೇಗೆ ಬಂದ್ರಿ?”

“ಮೆಟ್ರೋದಲ್ಲಿ. ವಿಜಯನಗರದಲ್ಲಿ ಇಳಿದು ಆಟೋ.” ನಾನು ಕೌಂಟರಿನಲ್ಲಿ ಕೂತಿರುವಾಗ ಅವರು ನನ್ನ ಕಾಲೇಜಿನ ಮುಂದೆಯೇ ಹಾದು ಬರುತ್ತಿದ್ದರು. “ಎರಡು ವಾರದಿಂದ ಮಂಗಳವಾರ, ಶುಕ್ರವಾರ ದೇವಸ್ಥಾನಕ್ಕೆ ಹೋಗ್ತೀನಿ ಅಂತ ಅಲ್ಲಿ ಹೇಳ್ತೀನಿ. ಸುಳ್ಳು.”

“ಯಾಕೆ ಬರ್ತೀರಿ?”

ಅವರು ಸೆರಗು ಸರಿ ಮಾಡಿಕೊಂಡರು. “ಅವರದ್ದೇನೂ ತಪ್ಪಿಲ್ಲ. ಎಂಟನೇ ಮಹಡಿ, ಲಿಫ್ಟಿನ ಸದ್ದು, ಮಕ್ಕಳ ಜೊತೆ ಒಂದೇ ರೂಮು. ರಾತ್ರಿ ಎಲ್ಲಾ ಕಣ್ಣು ಬಿಟ್ಕೊಂಡು ಮಲಗಿರ್ತೀನಿ. ಇಲ್ಲಿ ಒಂದು ಗಂಟೆ ಮಲಗಿದ್ರೆ ಎರಡು ದಿನ ತಡೆಯುತ್ತೆ.” ಆಮೇಲೆ ದನಿ ತಗ್ಗಿಸಿ, “ನೀವಿದ್ದಾಗ ಬಂದ್ರೆ ಮತ್ತೆ ಇರೋಕೆ ಬಂದ್ಳು ಅಂದ್ಕೋತೀರಿ ಅಂತ,” ಎಂದರು.

ಸೈರನ್ ಕೇಳಿಸಲಿಲ್ಲವಾ ಎಂದು ಕೇಳಿದೆ.

“ಆಟೋ ಗದ್ದಲಕ್ಕೆ ಮಷೀನು ಸಣ್ಣ ಮಾಡಿರ್ತೀನಿ. ಏನೋ ಆಂಬುಲೆನ್ಸ್ ಹೋದ ಹಾಗಾಯ್ತು ಒಂದ್ಸಲ. ಮೊನ್ನೆ ಮಾತ್ರ ಕಿಟಕಿ ಅದುರಿತು, ಯಾರೋ ಬಂದ್ರು ಅಂತ ಎದ್ದು ಹೋದೆ.” ಗೋಡೆಯ ಸೆನ್ಸರನ್ನು ತೋರಿಸಿದರು. “ಅದೇನು, ಸೊಳ್ಳೆ ಮಷೀನಾ?”

“ಮನೇಲಿ ಯಾರಾದ್ರೂ ನಡೆದ್ರೆ ನನಗೆ ಹೇಳೋ ಮಷೀನು ಅತ್ತೆ.”

ಅವರಿಗೆ ಎಲ್ಲ ಅರ್ಥವಾಗಲು ಎರಡು ಗಳಿಗೆ ಹಿಡಿಯಿತು. ಆಗ ನನ್ನ ಕೈಯಲ್ಲಿ ಇನ್ನೂ ಇದ್ದ ಬ್ಯಾಟು ಕಾಣಿಸಿತು. “ನನಗೆ ಹೊಡೆಯೋಕಾ?” ಎಂದವರ ಮುಖ ಸಣ್ಣದಾಯಿತು. ನಾನು ಅದನ್ನು ಕೆಳಗಿಟ್ಟು ಅವರ ಪಕ್ಕ ಮಂಚದ ಮೇಲೆ ಕೂತೆ. “ತಪ್ಪಾಯ್ತು ಅತ್ತೆ,” ಎಂದೆ. ಬ್ಯಾಟಿನ ಬಗ್ಗೆ ಹೇಳಿದೆನೆಂದು ಅವರು ತಿಳಿದಿರಬಹುದು. “ಅನ್ನ ಇದ್ಯಾ? ಬೆಳಿಗ್ಗೆ ಒಂದು ದೋಸೆ ತಿಂದು ಬಂದಿದೀನಿ,” ಎಂದರು. ಸಾರು ಬಿಸಿ ಮಾಡಿದೆ, ಇಬ್ಬರೂ ಅಡುಗೆಮನೆಯಲ್ಲೇ ಉಂಡೆವು. ನನ್ನ ಗಂಡ ಲಾರಿ ಬಿಟ್ಟು ಓಡಿ ಬಂದಾಗ ಅವರಮ್ಮ ಹಪ್ಪ‌ಳ ಸುಡುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ಹಣೆ ಒರೆಸಿಕೊಂಡರು, ಪಕ್ಕ ಕೂತು ತಟ್ಟೆ ಎಳೆದುಕೊಂಡರು.

ಇಲ್ಲೇ ಇದ್ದುಬಿಡಿ ಎಂದು ಅಂದೂ ಹೇಳಿದೆವು, ಆಮೇಲೆ ಹಬ್ಬಕ್ಕೂ ಹೇಳಿದೆವು. ಅತ್ತೆ ಒಪ್ಪಲಿಲ್ಲ. “ಅಲ್ಲಿ ಮಕ್ಕಳು ಸ್ಕೂಲಿಂದ ಬರೋ ಹೊತ್ತಿಗೆ ಯಾರಾದ್ರೂ ಇರ್ಬೇಕು. ನಾನು ಇಲ್ಲಿಗೆ ಮಲಗೋಕೆ ಬರ್ತೀನಿ, ಅಷ್ಟೇ,” ಎಂದರು. ಓರಗಿತ್ತಿಗೂ ನಿಜ ಹೇಳಿದೆವು. ಅವಳು ನೊಂದುಕೊಂಡಳು, ಆಮೇಲೆ ಮಕ್ಕಳ ಮಂಚವನ್ನು ಹಾಲಿಗೆ ಹಾಕಿಸಿದಳು. ಆದರೂ ಅತ್ತೆಗೆ ಅಲ್ಲಿ ನಿದ್ದೆ ಅಷ್ಟಕ್ಕಷ್ಟೇ. ಈಗ ಮಂಗಳವಾರ, ಶುಕ್ರವಾರ ಅವರು ಮುಂಬಾಗಿಲಿನಿಂದಲೇ ಬರುತ್ತಾರೆ. ಮೆಟ್ರೋ ಇಳಿದ ಮೇಲೆ ನನಗೆ ಫೋನ್ ಮಾಡುತ್ತಾರೆ, ನಾನು ಅಲಾರಂ ತೆಗೆಯುತ್ತೇನೆ. ಒಮ್ಮೊಮ್ಮೆ ಕೌಂಟರಿನ ಗದ್ದಲದಲ್ಲಿ ಮರೆತು ಸೈರನ್ ಕೂಗಿಬಿಡುತ್ತದೆ. ಆಗ ಆಂಟಿಯೇ ಹೋಗಿ ಅವರನ್ನು ಸಮಾಧಾನ ಮಾಡುತ್ತಾರೆ.

ಆ ಮಂಗಳವಾರ ಕಳೆದು ಕೆಲಸದಾಕೆಯ ಮನೆಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಇದ್ದ ಧೈರ್ಯವೆಲ್ಲ ಆ ಕುರ್ಚಿಯಲ್ಲೇ ಖರ್ಚಾಗಿತ್ತೋ ಏನೋ. ಕುರುಬರಹಳ್ಳಿಯ ಹತ್ತಿರ, ಒಂದೇ ಕೋಣೆಯ ಮನೆ. ಅವಳು ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಒಳಗೆ ಕರೆದು ಕುರ್ಚಿ ಕೊಟ್ಟಳು, ಕಾಫಿ ಮಾಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ತಪ್ಪಾಯಿತು ಎಂದೆ.

“ಅಮ್ಮೋರು ಹುಷಾರಾಗಿದಾರಾ?” ಎಂದು ಕೇಳಿದಳು.

“ಇದಾರೆ. ನೀನು ನಾಳೆಯಿಂದ ಬಾ. ಕೀನೂ ತಂದಿದೀನಿ.”

“ನಾನು ಮಾಡಿಲ್ಲ ಅಂತ ಗೊತ್ತಾದ ಮೇಲೆ ಬಂದ್ರಿ ಅಕ್ಕ. ಗೊತ್ತಾಗದೇ ಇದ್ದಿದ್ರೆ?”

ನಾನು ಕೀಲಿಯನ್ನು ಕೈಯಲ್ಲೇ ಹಿಡಿದು ಕಾಫಿ ಮುಗಿಸಿದೆ. ಏಳುವಾಗ ಅವಳೇ ಹೇಳಿದಳು, “ಒಂದನೇ ತಾರೀಕಿಂದ ಬರ್ತೀನಿ. ಬೆಳಿಗ್ಗೆ ಆರೂವರೆಗೆ, ನೀವು ಎದ್ದಿರೋವಾಗ. ಕೀ ನನಗೆ ಬೇಡ.”

ಹೇಳಿದಂತೆಯೇ ಬಂದಳು. ಈಗಲೂ ಬರುತ್ತಾಳೆ. ಮೊದಲಿನಂತೆ ಮಗಳ ಸುದ್ದಿ ಕೇಳುತ್ತಾಳೆ, ನನ್ನ ಮಂಡಿನೋವಿಗೆ ಮದ್ದು ಹೇಳುತ್ತಾಳೆ. ಆದರೆ ಬಾಗಿಲು ಅರೆ ತೆರೆದಿದ್ದರೂ ಹೊರಗೇ ನಿಂತು “ಅಕ್ಕ” ಎಂದು ಕೂಗುತ್ತಾಳೆ, ನಾನು ಬಂದು “ಬಾ” ಎನ್ನುವವರೆಗೆ ಒಳಗೆ ಕಾಲಿಡುವುದಿಲ್ಲ.